ಟೊಳ್ಳು ಕೊಳವೆಗೆ ಯಾಕಿಷ್ಟು ಬೆಲೆ?

ಒಂಬತ್ತನೇ ತರಗತಿಗೆ ಶಬ್ದದ ಪಾಠ ಮುಗಿಸಿ ಪುಸ್ತಕ ಮಡಿಚುತ್ತಿದ್ದೆ. ಹುಡುಗನೊಬ್ಬ ಮೇಜಿನ ಬಳಿ ಬಂದು ಒಂದು ಫೋಟೋ ಮುಂದಿಟ್ಟ. ಅವನ ಸೋದರಮಾವ ಅಮೆರಿಕದಲ್ಲಿದ್ದಾರೆ. ಅವರ ನೆರೆಮನೆಯ ವೃದ್ಧರಿಗೆ ಹಳೆಯ ಸೈನ್ಯದ ಬಂದೂಕುಗಳನ್ನು ಕೂಡಿಡುವ ಹವ್ಯಾಸ. ನಮ್ಮಲ್ಲಿ ಕೆಲವರು ಅಂಚೆಚೀಟಿ, ಹಳೆಯ ನಾಣ್ಯ ಕೂಡಿಡುವುದಿಲ್ಲವೇ, ಹಾಗೆ. ಫೋಟೋದಲ್ಲಿ ಗೋಡೆಗೆ ತೂಗುಹಾಕಿದ ಉದ್ದನೆಯ ರೈಫಲ್ಲು, ಅದರ ನಳಿಗೆಯ ತುದಿಗೆ ಟಾರ್ಚಿನಂಥ ಒಂದು ಕಪ್ಪು ಕೊಳವೆ.

"ಸರ್, ಇದು ಸೈಲೆನ್ಸರ್ ಅಂತೆ. ಆದರೆ ಅಸಲಿ ಅಲ್ಲ, ನಕಲು. ಒಳಗೆ ಏನೂ ಇಲ್ಲ, ಬರೀ ಟೊಳ್ಳು. ಸದ್ದು ಒಂಚೂರೂ ಕಮ್ಮಿ ಆಗಲ್ಲ. ಇದನ್ನು ಹುಡುಕೋದಕ್ಕೆ ಅವರು ಎರಡು ವರ್ಷ ಅಲೆದರಂತೆ. ಯಾಕೆ ಸರ್?"

ಒಳ್ಳೆಯ ಪ್ರಶ್ನೆ. ಉತ್ತರ ಕೂಡಲೇ ಹೊಳೆಯಲಿಲ್ಲ. ಮುಂದಿನ ಶನಿವಾರ ಪೋಷಕರ ಸಭೆಯಲ್ಲಿ ಅವನ ತಂದೆ ಸಿಕ್ಕರು. "ಇದೆಲ್ಲ ಪಾಠದಲ್ಲಿ ಬರುತ್ತಾ ಸಾರ್? ಹುಡುಗ ಮನೇಲೂ ಬಂದೂಕಿನ ಮಾತೇ ಆಡ್ತಾನೆ" ಎಂದು ಅಳುಕುತ್ತಲೇ ಕೇಳಿದರು. ಪಾಠದಲ್ಲಿ ಬಂದೂಕು ಇಲ್ಲ, ಶಬ್ದ ಇದೆ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದ್ದರಿಂದ ಈ ವಾರದ ಅಂಕಣ ಆ ಅಪ್ಪ, ಮಗ ಇಬ್ಬರಿಗೂ.

ಮೊದಲು ಹೆಸರಿನ ವಿಷಯ. ನಮ್ಮ ಕಡೆ ಸೈಲೆನ್ಸರ್ ಎಂದರೆ ಬೈಕಿನ ಹಿಂದೆ ಹೊಗೆ ಬಿಡುವ ಕೊಳವೆ. ಯಾವ ಗ್ಯಾರೇಜಿಗೆ ಹೋಗಿ ಕೇಳಿದರೂ ಅದೇ ಹೆಸರು. ಬಂದೂಕಿನ ಸೈಲೆನ್ಸರ್ ಮತ್ತು ಬೈಕಿನ ಸೈಲೆನ್ಸರ್ ಎರಡೂ ಹತ್ತಿರದ ದಾಯಾದಿಗಳು. ಎರಡೂ ಮಾಡುವುದು ಒಂದೇ ಕೆಲಸ: ಬಿಸಿಯಾಗಿ, ಒತ್ತಡದಿಂದ ನುಗ್ಗಿ ಬರುವ ಅನಿಲವನ್ನು ಏಕಾಏಕಿ ಹೊರಗೆ ಬಿಡದೆ, ಒಂದಷ್ಟು ಹೊತ್ತು ಒಳಗೇ ಸುತ್ತಾಡಿಸಿ, ತಣಿಸಿ, ನಿಧಾನವಾಗಿ ಬಿಡುವುದು. ಎರಡನ್ನೂ ತಲೆಗೆ ಹಚ್ಚಿಕೊಂಡು ಕೂತಿದ್ದ ಮನುಷ್ಯ ಒಬ್ಬನಿದ್ದ. ಫೋಟೋದಲ್ಲಿದ್ದ ಕಪ್ಪು ಕೊಳವೆಯ ಅಸಲಿಯನ್ನು ಮಾಡಿದವನೂ ಅವನೇ. ಹೆಸರು ಹೈರಮ್ ಪರ್ಸಿ ಮ್ಯಾಕ್ಸಿಮ್.

ಮ್ಯಾಕ್ಸಿಮ್ ಎಂಬ ಹೆಸರು ಚರಿತ್ರೆಯ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಗುಂಡಿನ ಮಳೆಗರೆಯುವ ಮ್ಯಾಕ್ಸಿಮ್ ಗನ್ನನ್ನು 1884ರ ಸುಮಾರಿಗೆ ಲಂಡನ್ನಿನಲ್ಲಿ ತಯಾರಿಸಿದವನು ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್. ಅಮೆರಿಕದಲ್ಲಿ ಹುಟ್ಟಿ, ಇಂಗ್ಲೆಂಡಿನ ಪ್ರಜೆಯಾಗಿ, 1901ರಲ್ಲಿ 'ಸರ್' ಪದವಿ ಪಡೆದವನು. ತನ್ನ ಬಂದೂಕನ್ನು ತಾನೇ ವರ್ಷಗಟ್ಟಲೆ ಹಾರಿಸಿ ಹಾರಿಸಿ ಕೊನೆಗೆ ಕಿವುಡನಾದ. ಅವನ ಮಗನೇ ನಮ್ಮ ಹೈರಮ್ ಪರ್ಸಿ. 1869ರಲ್ಲಿ ಹುಟ್ಟಿದವನು, ಎಂಐಟಿಯಲ್ಲಿ ಓದಿದವನು, ಮೋಟಾರು ವಾಹನಗಳು ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಹಾರ್ಟ್‌ಫರ್ಡ್ ನಗರದ ಪೋಪ್ ಕಂಪನಿಯಲ್ಲಿ ಅವುಗಳ ಮೇಲೆ ದುಡಿದವನು.

ಅಪ್ಪ ಬಂದೂಕಿನ ಸದ್ದಿನಿಂದ ಕಿವುಡನಾದ, ಮಗ ಬಂದೂಕಿನ ಬಾಯಿ ಮುಚ್ಚಿಸುವ ಸಾಧನ ಕಂಡುಹಿಡಿದ. ಎಷ್ಟು ಚೆನ್ನಾಗಿ ಕೂಡಿಬರುವ ಕಥೆ! ನಾನೂ ಹಿಂದೆ ತರಗತಿಯಲ್ಲಿ ಹೀಗೆಯೇ ಹೇಳಿದ್ದುಂಟು. ಈಗ ಹೇಳುವುದಿಲ್ಲ. ಅಪ್ಪ ಸಂಸಾರ ಬಿಟ್ಟು ಇಂಗ್ಲೆಂಡಿಗೆ ಹೋದವನು, ಅಪ್ಪ ಮಗನ ನಡುವೆ ಬಳಕೆ ಕಡಿಮೆಯಿತ್ತು. ಮಗ ತಾನೇ ಹೇಳಿಕೊಂಡ ಕಾರಣ ಬಹಳ ಸರಳ: ಗುರಿ ಹೊಡೆಯುವ ಆಟ ಅವನಿಗೆ ಇಷ್ಟವಿತ್ತು, ಅದರ ಸದ್ದಿನಿಂದ ಊರವರಿಗೆ ತೊಂದರೆ ಕೊಡುವುದು ಇಷ್ಟವಿರಲಿಲ್ಲ. ಸ್ನಾನದ ತೊಟ್ಟಿಯ ನೀರು ಸುಳಿ ಸುಳಿಯಾಗಿ ತೂಬಿಗೆ ಇಳಿಯುವುದನ್ನು ನೋಡುತ್ತಿದ್ದಾಗ, ಅನಿಲವನ್ನೂ ಹೀಗೆಯೇ ಸುತ್ತಿಸಿ ತಡೆಯಬಹುದಲ್ಲ ಎಂದು ಹೊಳೆಯಿತಂತೆ. 1909ರ ಮಾರ್ಚಿಯಲ್ಲಿ ಪೇಟೆಂಟ್ ಸಿಕ್ಕಿತು. ಮರುವರ್ಷದ ಮಾದರಿಯಲ್ಲಿ ಒಂದು ಜಾಣತನ ಮಾಡಿದ. ಗುಂಡು ಹಾಯುವ ರಂಧ್ರವನ್ನು ಕೊಳವೆಯ ನಟ್ಟನಡುವೆ ಇಡದೆ ಮೇಲಂಚಿನ ಹತ್ತಿರಕ್ಕೆ ಸರಿಸಿದ. ಕೊಳವೆ ನಳಿಗೆಯಿಂದ ಕೆಳಕ್ಕೆ ಜೋತುಬಿದ್ದಂತೆ ಕಾಣುತ್ತದೆ, ಗುರಿ ನೋಡುವ ಕಣ್ಣಿಗೆ ಅಡ್ಡ ಬರುವುದಿಲ್ಲ. ಹುಡುಗ ತೋರಿಸಿದ ಫೋಟೋದಲ್ಲಿ ಕೊಳವೆ ಓರೆಯಾಗಿ ಕೂತಂತೆ ಕಂಡದ್ದು ಈ ಕಾರಣಕ್ಕೆ. ಅಮೆರಿಕದ ಸೈನ್ಯವೂ ತನ್ನ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆ ಇದನ್ನು ತರಿಸಿ ನೋಡಿತು. ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟರ ಬಳಿಯೂ ಒಂದಿತ್ತು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಸದ್ದಡಗಿಸಿದ ಇದೇ ಮನುಷ್ಯ 1914ರಲ್ಲಿ ಅಮೆರಿಕದ ಹವ್ಯಾಸಿ ರೇಡಿಯೋದವರ ಸಂಘವನ್ನು ಕಟ್ಟಿದ. ಹ್ಯಾಮ್ ರೇಡಿಯೋ ಎನ್ನುತ್ತೇವಲ್ಲ, ಅದು. ಅವನು 1936ರಲ್ಲಿ ತೀರಿಕೊಂಡ. ಅವನ ಕರೆಗುರುತು ಇಂದಿಗೂ ಆ ಸಂಘದ ಕೇಂದ್ರದಿಂದ ಆಕಾಶದಲ್ಲಿ ಕೇಳುತ್ತದೆ.

ಈಗ ಕೊಳವೆಯೊಳಕ್ಕೆ ಹೋಗೋಣ. ಬಂದೂಕು ಹಾರಿದಾಗ ನಮಗೆ ಕೇಳುವ 'ಢಂ' ಒಂದೇ ಸದ್ದಲ್ಲ, ಮೂರು ಸದ್ದುಗಳ ಗಂಟು. ಮೊದಲನೆಯದು ಅನಿಲದ್ದು. ಮದ್ದು ಉರಿದು ಹುಟ್ಟಿದ ಅನಿಲ ನಳಿಗೆಯ ತುದಿಗೆ ಬಂದಾಗಲೂ ಅದರ ಒತ್ತಡ ಹೊರಗಿನ ಗಾಳಿಯ ನೂರಾರು ಪಟ್ಟು ಇರುತ್ತದೆ. ಗುಂಡು ಹೊರಬಿದ್ದೊಡನೆ ಬಾಟಲಿಯ ಬಿರಡೆ ಕಿತ್ತಂತಾಗಿ ಅದು ಸ್ಫೋಟಿಸುತ್ತದೆ. ಮನೆಯ ಕುಕ್ಕರನ್ನು ನೆನೆಯಿರಿ. ಸೀಟಿಯ ಸಣ್ಣ ತೂತಿನಿಂದ ಹಬೆ ಹೊರಟರೆ 'ಸುಯ್' ಎನ್ನುತ್ತದೆ. ಅದೇ ಹಬೆ ಮುಚ್ಚಳ ಹಾರಿಸಿ ಒಮ್ಮೆಲೇ ಹೊರಟರೆ ಅಕ್ಕಪಕ್ಕದ ಮನೆಯವರು ಓಡಿಬರುತ್ತಾರೆ. ಹಬೆ ಅಷ್ಟೇ, ಹೊರಡಲು ತೆಗೆದುಕೊಂಡ ಕಾಲ ಬೇರೆ. ಸೈಲೆನ್ಸರ್ ಹಿಡಿಯುವುದು ಈ ಒಂದು ಸದ್ದನ್ನು ಮಾತ್ರ. ಅದರೊಳಗಿನ ಕೋಣೆಗಳಲ್ಲಿ ಅನಿಲ ಹಿಗ್ಗಿ, ಲೋಹಕ್ಕೆ ಶಾಖ ಕೊಟ್ಟು, ಸೋತು ಹೊರಬರುತ್ತದೆ. ಕೋಣೆಗಳಿಲ್ಲದ ಟೊಳ್ಳು ನಕಲು ಗೋಡೆಯ ಮೇಲೆ ಅಂದವಾಗಿ ಕಾಣುವುದಕ್ಕಷ್ಟೇ ಸೈ.

ಎರಡನೆಯ ಸದ್ದು ಗುಂಡಿನದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂದು ನೀವು ಓದಿದ್ದೀರಿ. ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನ ಗುಂಡು 800 ಮೀಟರಿಗೂ ಮಿಕ್ಕ ವೇಗದಲ್ಲಿ ಹೋಗುತ್ತದೆ. ಶಬ್ದವನ್ನು ಹಿಂದಿಕ್ಕಿದ ಯಾವ ವಸ್ತುವಾದರೂ ಗಾಳಿಯನ್ನು ಸೀಳಿ ಚಾಟಿಯೇಟಿನಂಥ ಆಘಾತ ತರಂಗವನ್ನು ಎಬ್ಬಿಸುತ್ತದೆ, ದಾರಿಯುದ್ದಕ್ಕೂ ಎಬ್ಬಿಸುತ್ತಲೇ ಹೋಗುತ್ತದೆ. ನಳಿಗೆಯ ತುದಿಯಲ್ಲಿ ಕೂತ ಕೊಳವೆ ಇದಕ್ಕೆ ಏನು ಮಾಡೀತು? ಏನೂ ಇಲ್ಲ. ಆದರೆ ಸೈನ್ಯಕ್ಕೆ ಇದರಲ್ಲೂ ಒಂದು ಲಾಭ ಕಂಡಿತು. ನಳಿಗೆಯ ಸದ್ದು ತಗ್ಗಿ, ಗುಂಡಿನ ಸೀಳು ಸದ್ದು ಮಾತ್ರ ಉಳಿದರೆ, ಕೇಳಿದವನಿಗೆ ಬಂದೂಕು ಯಾವ ದಿಕ್ಕಿನಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಮೂರನೆಯ ಸದ್ದು ಬಂದೂಕಿನ ಕಬ್ಬಿಣದ ಭಾಗಗಳು ಒಂದಕ್ಕೊಂದು ಬಡಿಯುವ ಕಟಕಟ. ಅದು ಚಿಕ್ಕದು.

ಆದ್ದರಿಂದ ಸೈಲೆನ್ಸರ್ ಎಂಬ ಹೆಸರೇ ಸುಳ್ಳು. ಬಲ್ಲವರು ಈಗ ಸಪ್ರೆಸರ್ ಎನ್ನುತ್ತಾರೆ. ಸದ್ದನ್ನು ಅಳಿಸುವುದಲ್ಲ, ತಗ್ಗಿಸುವುದು ಎಂದು. ಲೆಕ್ಕ ನೋಡಿ. ರೈಫಲ್ಲಿನ ಬರಿ ಸದ್ದು ನಳಿಗೆಯ ಹತ್ತಿರ ಸುಮಾರು 160 ಡೆಸಿಬೆಲ್. ಒಳ್ಳೆಯ ಸಪ್ರೆಸರ್ 25ರಿಂದ 30 ಡೆಸಿಬೆಲ್ ಇಳಿಸೀತು. 160ರಲ್ಲಿ 30 ಹೋದರೆ ಏನು ಮಹಾ ಎನ್ನಬೇಡಿ. ಡೆಸಿಬೆಲ್ ಎಂಬುದು ಲಾಗರಿದಮ್ಮಿನ ಲೆಕ್ಕ, 30 ಇಳಿದರೆ ಶಬ್ದದ ಶಕ್ತಿ ಸಾವಿರದಲ್ಲಿ ಒಂದು ಪಾಲಾಗುತ್ತದೆ. ಆದರೂ ಉಳಿದ 130 ಸಣ್ಣದಲ್ಲ. ನಾವು ಎದುರುಬದುರು ಕೂತು ಮಾತಾಡುವುದು 60ರ ಆಸುಪಾಸಿನಲ್ಲಿ. ಸಿನೆಮಾದಲ್ಲಿ ಖಳನಾಯಕ 'ಫುಸ್' ಎಂದು ಹೊಡೆದು, ಪಕ್ಕದ ಕೋಣೆಯವರು ನಿದ್ದೆಯಿಂದ ಏಳುವುದೇ ಇಲ್ಲ. ಅದು ಸ್ಟುಡಿಯೋದಲ್ಲಿ ಸೇರಿಸಿದ ಸದ್ದು.

ಸಿನೆಮಾದವರ ಇನ್ನೊಂದು ತಪ್ಪನ್ನು ಹಿಡಿಯುವುದು ನಿಮಗೆ ಸುಲಭ. ಗುಂಡುಗಳ ಡಬ್ಬಿ ಗಿರಗಿರನೆ ತಿರುಗುವ ರಿವಾಲ್ವರಿಗೆ ಸೈಲೆನ್ಸರ್ ತಿರುಪಿರುತ್ತಾರೆ. ರಿವಾಲ್ವರಿನಲ್ಲಿ ಆ ಡಬ್ಬಿಗೂ ನಳಿಗೆಗೂ ನಡುವೆ ಸಣ್ಣ ಸಂದು ಇದ್ದೇ ಇರುತ್ತದೆ, ಇಲ್ಲದಿದ್ದರೆ ಅದು ತಿರುಗುವುದಿಲ್ಲ. ಅನಿಲ ಆ ಸಂದಿನಿಂದಲೇ ಸಿಡಿಯುವಾಗ ತುದಿಯ ಕೊಳವೆ ಯಾತಕ್ಕೆ ಬಂತು? ಮನೆಯ ಕಿಟಕಿ ತೆರೆದಿಟ್ಟು ಬಾಗಿಲಿಗೆ ಬೀಗ ಹಾಕಿದಂತೆ. ಇದಕ್ಕೆ ಹೆಸರಾದ ಒಂದು ಅಪವಾದವಿದೆ, ರಷ್ಯಾದ 1895ರ ನಗಾಂ ರಿವಾಲ್ವರ್. ಅದರ ಡಬ್ಬಿ ಹೊಡೆಯುವ ಮುನ್ನ ಮುಂದೆ ಸರಿದು ಸಂದನ್ನು ಮುಚ್ಚಿಕೊಳ್ಳುತ್ತದೆ. ಸೋವಿಯತ್ ದೇಶದ ಮಿತಿನ್ ಸೋದರರು ಇದಕ್ಕೂ, ಅಲ್ಲಿನ ಮೋಸಿನ್ ರೈಫಲ್ಲಿಗೂ 'ಬ್ರಾಮಿತ್' ಎಂಬ ಸಾಧನ ಮಾಡಿದರು. 'ಬ್ರಾ' ಎಂದರೆ ರಷ್ಯನ್ ಭಾಷೆಯಲ್ಲಿ ಸೋದರರು ಎಂಬುದರ ಮೊದಲಕ್ಷರಗಳು, 'ಮಿತ್' ಮಿತಿನ್. ಮೋಸಿನ್ ರೈಫಲ್ಲು ಇಟ್ಟುಕೊಂಡ ಸಂಗ್ರಾಹಕರು ಈಗ ಬ್ರಾಮಿತ್‌ನ ನಕಲನ್ನೂ ಹುಡುಕುತ್ತಾರೆ.

ಇಲ್ಲಿಗೆ ಹುಡುಗನ ಪ್ರಶ್ನೆಗೆ ಬಂದೆವು. ನಕಲನ್ನೇ ಯಾಕೆ ಹುಡುಕಬೇಕು? ಅಸಲಿ ಎಲ್ಲಿ ಹೋಯಿತು?

ಅಸಲಿಯನ್ನು ಕಾಲ ತಿಂದದ್ದು ಸ್ವಲ್ಪ, ಕಾನೂನು ನುಂಗಿದ್ದು ಬಹಳ. ಮ್ಯಾಕ್ಸಿಮ್‌ನ ಕಾಲದಲ್ಲಿ ಈ ಕೊಳವೆ ಕೆಲವೇ ಡಾಲರಿಗೆ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. 1934ರಲ್ಲಿ ಅಮೆರಿಕ ಸರಕಾರ ರಾಷ್ಟ್ರೀಯ ಬಂದೂಕು ಕಾಯ್ದೆ ತಂದಿತು. ಮೆಷಿನ್ ಗನ್ನುಗಳ ಜತೆಗೆ ಸೈಲೆನ್ಸರನ್ನೂ ಸೇರಿಸಿ, ನೋಂದಣಿ ಕಡ್ಡಾಯ ಮಾಡಿ, ಕೈಬದಲಾದಾಗಲೆಲ್ಲ 200 ಡಾಲರು ತೆರಿಗೆ ಎಂದಿತು. ಕೆಲವೇ ಡಾಲರಿನ ವಸ್ತುವಿಗೆ 200 ಡಾಲರು! ಅಷ್ಟರಲ್ಲಿ ಮ್ಯಾಕ್ಸಿಮ್‌ನ ಕಂಪನಿ ಬಂದೂಕಿನ ಸಹವಾಸ ಬಿಟ್ಟು ಎಂಜಿನ್ನುಗಳ ಸದ್ದಡಗಿಸುವ ಕೆಲಸಕ್ಕೆ ತಿರುಗಿಯಾಗಿತ್ತು. ಜನ ತಮ್ಮಲ್ಲಿದ್ದದ್ದನ್ನು ಎಸೆದರು, ಇಲ್ಲವೇ ಅಟ್ಟದ ಮೇಲೆ ಹಾಕಿ ಮರೆತರು. 1968ರಲ್ಲಿ ಒಂದು ತಿಂಗಳ ಕಾಲ, ಇಟ್ಟುಕೊಂಡವರು ತಂದು ನೋಂದಾಯಿಸಿಕೊಳ್ಳಿ, ಕೇಸು ಹಾಕುವುದಿಲ್ಲ ಎಂದು ಅವಕಾಶ ಕೊಟ್ಟರು. ಆ ತಿಂಗಳು ದಾಟಿದ ಮೇಲೆ ಬಾಗಿಲು ಮುಚ್ಚಿತು. ಇಂದು ಯಾರಾದರೂ ತೀರಿಹೋದ ಅಜ್ಜನ ಪೆಟ್ಟಿಗೆ ತೆರೆದಾಗ ನೋಂದಣಿಯಿಲ್ಲದ ಮ್ಯಾಕ್ಸಿಮ್ ಕೊಳವೆ ಕಂಡರೆ, ಅದು ನೂರು ವರ್ಷದ ಅಪರೂಪದ ವಸ್ತುವೇ ಆಗಿರಲಿ, ಇಟ್ಟುಕೊಳ್ಳುವ ಹಾಗಿಲ್ಲ. ಒಪ್ಪಿಸಬೇಕು. ಆ 200 ಡಾಲರು ತೊಂಬತ್ತು ವರ್ಷ ಹಾಗೆಯೇ ಇತ್ತು. 2025ರ ಒಂದು ಕಾನೂನಿನಂತೆ 2026ರ ಜನವರಿ 1ರಿಂದ ಸೈಲೆನ್ಸರಿನ ಮಟ್ಟಿಗೆ ತೆರಿಗೆ ಸೊನ್ನೆಯಾಯಿತು. ನೋಂದಣಿಯ ಕಟ್ಟುಪಾಡು ಮಾತ್ರ ಉಳಿದೇ ಇದೆ.

ಹೀಗಾಗಿ ರೈಫಲ್ಲು ಸುಲಭವಾಗಿ ಸಿಗುವ ಆ ದೇಶದಲ್ಲಿ ಅದರ ಕೊಳವೆ ಸಿಗುವುದಿಲ್ಲ. ಸಂಗ್ರಾಹಕನ ಸಂಕಟ ಸಂಗ್ರಾಹಕನಿಗೇ ಗೊತ್ತು. ನನ್ನ ಬಳಿ ಮೈಸೂರು ಸಂಸ್ಥಾನದ ಕಾಲದ ಅಂಚೆಚೀಟಿಗಳ ಒಂದು ಸಣ್ಣ ಆಲ್ಬಮ್ ಇದೆ. ಅದರಲ್ಲಿ ಒಂದು ಖಾಲಿ ಚೌಕ ಮೂವತ್ತು ವರ್ಷದಿಂದ ನನ್ನನ್ನು ಅಣಕಿಸುತ್ತಿದೆ. ಹಳೆಯ ಸೈನಿಕರ ಫೋಟೋದಲ್ಲಿ ಇರುವ ಕೊಳವೆ ತನ್ನ ಗೋಡೆಯ ಮೇಲಿನ ರೈಫಲ್ಲಿಗೆ ಇಲ್ಲ ಎಂದರೆ ಆ ವೃದ್ಧರಿಗೂ ಹಾಗೆಯೇ ಅನ್ನಿಸಿರಬೇಕು. ಈ ಖಾಲಿ ಚೌಕ ತುಂಬಲು ಎರಡು ಬಗೆಯ ನಕಲುಗಳು ಬಂದಿವೆ. ಹೊರಮೈ ಹಳೆಯದರಂತೆ, ಒಳಗೆ ಹೊಸ ಕಾಲದ ಕೆಲಸ, ನಿಜವಾಗಿ ಸದ್ದು ತಗ್ಗಿಸುವಂಥದು ಒಂದು ಬಗೆ. ಅದನ್ನು ಪರವಾನಗಿ ಪಡೆದವರೇ ಮಾಡಬೇಕು, ಕೊಳ್ಳುವವನೂ ನೋಂದಾಯಿಸಬೇಕು. ಇನ್ನೊಂದು ಬಗೆ, ಹುಡುಗ ತೋರಿಸಿದಂಥ ಟೊಳ್ಳು.

ನಕಲು ಮಾಡುವವರಿಗೆ ಅಳತೆಗಳು ಎಲ್ಲಿಂದ ಸಿಕ್ಕವು? ಇದು ವಿದ್ಯಾರ್ಥಿಗಳು ಗಮನಿಸಬೇಕಾದ ವಿಚಾರ. ಪೇಟೆಂಟ್ ಎಂದರೆ ಗುಟ್ಟು ಕಾಯುವ ಬೀಗ ಎಂದು ಬಹಳ ಜನ ತಿಳಿದಿದ್ದಾರೆ. ಇರುವುದು ತದ್ವಿರುದ್ಧ. ನಿನ್ನ ಉಪಾಯವನ್ನು ಚಿತ್ರಸಹಿತ ಎಲ್ಲರ ಮುಂದೆ ಬಿಚ್ಚಿಡು, ಬದಲಿಗೆ ಇಂತಿಷ್ಟು ವರ್ಷ ನಿನ್ನೊಬ್ಬನಿಗೇ ಅದರ ಹಕ್ಕು ಎಂಬ ಒಪ್ಪಂದ ಅದು. ಅಮೆರಿಕದಲ್ಲಿ ಆಗ 17 ವರ್ಷ. ಮ್ಯಾಕ್ಸಿಮ್‌ನ 1909ರ ಹಕ್ಕು 1926ಕ್ಕೇ ತೀರಿತು. ಆಕಾರವನ್ನು ನಕಲು ಮಾಡುವುದಕ್ಕೆ ಪೇಟೆಂಟಿನ ಅಡ್ಡಿ ಆಗಲೇ ಹೋಗಿದೆ, ಇರುವ ಅಡ್ಡಿ ಬಂದೂಕಿನ ಕಾನೂನಿನದು.

ನಕಲಿನ ಬಗ್ಗೆ ನನ್ನ ತಕರಾರಿಲ್ಲ. ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ಕಿನ ಹೃದಯ, ಮೇಣದ ಮಾವಿನಹಣ್ಣು ಇಟ್ಟುಕೊಂಡು ಪಾಠ ಮಾಡುವವನು ನಾನು. ತಕರಾರಿರುವುದು ನಕಲು ಎಂದು ಹೇಳಿಕೊಳ್ಳದ ನಕಲಿನ ಬಗ್ಗೆ. ಇಂದು ಮಾಡಿದ ಕೊಳವೆಯ ಮೇಲೆ ತಯಾರಕ ತನ್ನ ಗುರುತು ಒತ್ತಿದರೆ ಅದು ಮಾದರಿ. ಅದೇ ಗುರುತನ್ನು ಮುಂದೊಬ್ಬ ಅರದಿಂದ ಉಜ್ಜಿ ತೆಗೆದು, ಮೇಲೆ ಹಳೆಯ ಮುದ್ರೆ ಒತ್ತಿ, ಆಮ್ಲ ಸವರಿ ಮುದಿ ಮಾಡಿ ಮಾರಿದರೆ ಅದು ವಂಚನೆ. ಇಲ್ಲಿ ರಸಾಯನಶಾಸ್ತ್ರ ಸ್ವಲ್ಪ ನೆರವಿಗೆ ಬರುತ್ತದೆ. ಹಳೆಯ ಬಂದೂಕುಗಳ ನೀಲಿಗಪ್ಪು ಬಣ್ಣ ಪೇಂಟಲ್ಲ. ಕಬ್ಬಿಣವನ್ನು ಹದವಾಗಿ ಆಕ್ಸಿಡೀಕರಿಸಿ ಬರಿಸಿದ ಮ್ಯಾಗ್ನಟೈಟಿನ ತೆಳು ಪದರ, ಅಂದರೆ ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಮ್ಲಜನಕ. ಕೆಂಪು ತುಕ್ಕು ಬೇರೆ, ಇದು ಬೇರೆ. ದಶಕಗಳ ಕಾಲ ಕೈ ತಾಗಿದ ಕಡೆ ಮಾತ್ರ ಈ ಪದರ ಸವೆಯುತ್ತದೆ, ಮೂಲೆಗಳಲ್ಲಿ ಉಳಿಯುತ್ತದೆ. ಆಮ್ಲ ಸವರಿದವನಿಗೆ ಅಷ್ಟು ತಾಳ್ಮೆ ಎಲ್ಲಿ? ಎಲ್ಲ ಕಡೆ ಒಂದೇ ಸಮ ಮುಪ್ಪು. ಇನ್ನು ಎಷ್ಟೋ ಟೊಳ್ಳು ನಕಲುಗಳು ಅಲ್ಯೂಮಿನಿಯಮ್ಮಿನವು. ಅವುಗಳ ಗುಟ್ಟು ರಟ್ಟು ಮಾಡಲು ನಿಮ್ಮ ಕಂಪಾಸು ಪೆಟ್ಟಿಗೆಯಲ್ಲಿರುವ ಅಯಸ್ಕಾಂತದ ಚೂರೇ ಸಾಕು.

ಕೆಲವೊಮ್ಮೆ ನಕಲು ಅಸಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಕಮಾಂಡೋಗಳಿಗೆಂದು ತಯಾರಾದ ಡಿ ಲಿಲ್ ಕಾರ್ಬೈನ್ ಇದಕ್ಕೆ ಉದಾಹರಣೆ. ವಿಲಿಯಂ ಗಾಡ್‌ಫ್ರೇ ಡಿ ಲಿಲ್ ಎಂಬ ಇಂಜಿನಿಯರು ಮಾಡಿದ್ದು. ಅವನು ಮೂರು ಸದ್ದುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ. ಮೊದಲೇ ನಿಧಾನವಾಗಿ, ಸೆಕೆಂಡಿಗೆ ಸುಮಾರು 250 ಮೀಟರ್ ಮಾತ್ರ ಹೋಗುವ ಪಿಸ್ತೂಲಿನ ಗುಂಡನ್ನು ಆರಿಸಿದ. ಶಬ್ದಕ್ಕಿಂತ ಹಿಂದೆ ಬಿದ್ದ ಗುಂಡು ಗಾಳಿಯನ್ನು ಸೀಳಿ ಕಿರುಚುವುದಿಲ್ಲ. ಇಡೀ ನಳಿಗೆಯನ್ನು ದಪ್ಪ ಕೊಳವೆಯೊಳಗೆ ಹುದುಗಿಸಿದ. ಮಿಕ್ಕ ದೇಹಕ್ಕೆ ತೆಗೆದುಕೊಂಡದ್ದು ನಮ್ಮವರಿಗೆಲ್ಲ ಗೊತ್ತಿರುವ ಲೀ ಎನ್‌ಫೀಲ್ಡ್ ರೈಫಲ್ಲನ್ನು. 'ತ್ರೀ ನಾಟ್ ತ್ರೀ' ಎಂದು ನಮ್ಮ ಪೊಲೀಸ್ ಠಾಣೆಗಳಲ್ಲಿ ದಶಕಗಟ್ಟಲೆ ಸರಪಳಿಯಲ್ಲಿ ನಿಂತಿತ್ತಲ್ಲ, ಬಂಗಾಳದ ಇಶಾಪುರದಲ್ಲಿ ತಯಾರಾಗುತ್ತಿದ್ದದ್ದು, ಅದೇ. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು!

ಡಿ ಲಿಲ್ ಕಾರ್ಬೈನನ್ನು ಲಂಡನ್ನಿನ ಒಂದು ಎತ್ತರದ ಕಟ್ಟಡದ ಮೇಲಿಂದ ಥೇಮ್ಸ್ ನದಿಗೆ ಹಾರಿಸಿ ಪರೀಕ್ಷಿಸಿದಾಗ ಕೆಳಗೆ ರಸ್ತೆಯಲ್ಲಿ ಹೋಗುವವರು ತಲೆಯೆತ್ತಿ ನೋಡಲೇ ಇಲ್ಲ ಎಂದು ಕಥೆ ಹೇಳುತ್ತಾರೆ. ಇದ್ದೀತು. ಆದರೆ ಕೆಲವು ಪುಸ್ತಕಗಳು ಅದರ ಸದ್ದು 85 ಡೆಸಿಬೆಲ್ ಎಂದು ಬರೆಯುತ್ತವೆ, ಅದನ್ನು ನಾನು ನಂಬುವುದಿಲ್ಲ. ಬಂದೂಕಿನ ಸದ್ದಿನ ಏರು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಬಂದು ಹೋಗುತ್ತದೆ. ನಿಧಾನವಾಗಿ ಕದಲುವ ಹಳೆಯ ಮೀಟರಿನ ಮುಳ್ಳು ಅದನ್ನು ಹಿಡಿಯುವ ಮೊದಲೇ ಸದ್ದು ಮುಗಿದಿರುತ್ತದೆ. ಅಳತೆ ಕಡಿಮೆ ಬಂದರೆ ಸದ್ದು ಕಡಿಮೆ ಎಂದೇನೂ ಅಲ್ಲ. ಮತ್ತೆ ಅಳೆದು ನೋಡೋಣ ಎಂದರೆ ಆ ಕಾಲದಲ್ಲಿ ಆದದ್ದೇ ಸುಮಾರು 130. ಉಳಿದವು ಲೀಡ್ಸ್‌ನ ರಾಯಲ್ ಆರ್ಮರೀಸ್‌ನಂಥ ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಇವೆ. ಅವನ್ನು ಯಾರೂ ಪ್ರಯೋಗಕ್ಕೆ ಕೊಡುವುದಿಲ್ಲ. ಹಳೆಯ ಲೀ ಎನ್‌ಫೀಲ್ಡಿನ ಭಾಗಗಳಿಂದಲೇ ಈಗ ಇಂಗ್ಲೆಂಡ್, ಅಮೆರಿಕದಲ್ಲಿ ಕೆಲವರು ಅದರ ನಕಲನ್ನು ಕಟ್ಟಿದ್ದಾರೆ. ಸಂದೇಹ ಬಂದರೆ ಹೊಸ ಮೈಕ್ರೋಫೋನಿನ ಮುಂದೆ ಹಾರಿಸಿ ನೋಡಲು ಆಗುವುದು ಈ ನಕಲನ್ನೇ.

ತ್ರೀ ನಾಟ್ ತ್ರೀಯ ಮಾತು ಬಂದದ್ದರಿಂದ ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಬಿ.ಎಸ್ಸಿ. ಓದುವಾಗ ಒಂದು ಶಿಬಿರದಲ್ಲಿ ಅದನ್ನು ಹಾರಿಸುವ ಅವಕಾಶ ಸಿಕ್ಕಿತು. ಕಿವಿಗೆ ಹತ್ತಿ ತುರುಕಿಕೊಳ್ಳಿ ಎಂದು ಮೊದಲೇ ಹೇಳಿದ್ದರು. ಗೆಳೆಯರ ಮುಂದೆ ಜಂಬ ತೋರಿಸಲು ನಾನು ಹತ್ತಿಯನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಹೊಡೆದದ್ದು ಐದೇ ಗುಂಡು. ಸಂಜೆಯವರೆಗೂ ಎಡಗಿವಿಯಲ್ಲಿ ಜೀರುಂಡೆ ಕೂಗಿದಂತೆ ಗುಂಯ್‌ಗುಟ್ಟಿತು. ಮರುದಿನ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಇಂದಿಗೂ ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಅದು ಕೇಳುತ್ತದೆ. ಎಡಗಿವಿಯೇ ಯಾಕೆ ಎಂದು ಬಹಳ ದಿನ ಯೋಚಿಸಿದೆ. ಬಲಗೈಯವನು ರೈಫಲ್ಲನ್ನು ಬಲಭುಜಕ್ಕೆ ಒತ್ತಿ ಕೆನ್ನೆ ಒರಗಿಸಿದಾಗ ಮುಖ ತುಸು ಬಲಕ್ಕೆ ತಿರುಗಿ, ಎಡಗಿವಿ ನಳಿಗೆಯ ಬಾಯಿಯ ಕಡೆಗೆ ಒಡ್ಡಿಕೊಳ್ಳುತ್ತದೆ. ಬಲಗಿವಿಗೆ ತಲೆಯ ನೆರಳು ಸಿಗುತ್ತದೆ. ಶಬ್ದಕ್ಕೂ ನೆರಳುಂಟು.

ನಮ್ಮ ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15 ಸಾವಿರ. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕ್ಷಣಮಾತ್ರದ ಸದ್ದಾದರೆ 140 ಡೆಸಿಬೆಲ್ಲನ್ನು ಅಪಾಯದ ಗೆರೆ ಎಂದು ಇಟ್ಟುಕೊಂಡಿದ್ದಾರೆ. ಫಿನ್ಲೆಂಡ್, ನಾರ್ವೆಗಳಲ್ಲಿ ಬೇಟೆಗಾರರು ಸಪ್ರೆಸರ್ ಹಾಕಿಕೊಳ್ಳುವುದು ಸಾಮಾನ್ಯವಾಗಿರುವುದು ಇದೇ ಗೆರೆಯ ಕಾರಣಕ್ಕೆ. ನಮ್ಮ ದೇಶದ ನೋಟ ಬೇರೆ. ಇಲ್ಲಿನ ಶಸ್ತ್ರಾಸ್ತ್ರ ನಿಯಮಗಳು ಬಂದೂಕಿನ ಸದ್ದು ತಗ್ಗಿಸುವ ಸಾಧನವನ್ನು ನಿಷೇಧಿತ ವರ್ಗದಲ್ಲಿ ಇಟ್ಟಿವೆ. ಯಾರೋ ವಿಡಿಯೋದಲ್ಲಿ ತೋರಿಸಿದರೆಂದು ತರಿಸಲು, ಮಾಡಲು ಹೋದರೆ ಅದು ಹವ್ಯಾಸವಲ್ಲ, ಅಪರಾಧ. ಆ ಹುಡುಗನ ತಂದೆಗೆ ನಾನು ಹೇಳಬೇಕಿದ್ದದ್ದು ಇಷ್ಟೇ. ಮಗ ಕೇಳುತ್ತಿರುವುದು ಪ್ರಶ್ನೆ, ವಸ್ತುವನ್ನಲ್ಲ. ಗಾಬರಿಯಾಗಬೇಡಿ.

ಗಾಬರಿಯಾಗಲೇಬೇಕೆಂದಿದ್ದರೆ ಬೇರೆ ಕಾರಣಗಳಿವೆ. ದೀಪಾವಳಿಗೆ ನಾಲ್ಕು ಮೀಟರ್ ದೂರದಲ್ಲಿ 145 ಡೆಸಿಬೆಲ್ ಏರು ದಾಟುವ ಪಟಾಕಿ ಮಾಡುವಂತಿಲ್ಲ ಎಂಬ ನಿಯಮ 1999ರಿಂದ ಇದೆ. ನಾಲ್ಕು ಮೀಟರ್ ಎಂಬುದು ನೆನಪಿರಲಿ, ನಮ್ಮ ಮಕ್ಕಳು ನಿಲ್ಲುವುದು ಒಂದೇ ಮೀಟರಿನಲ್ಲಿ. ಇನ್ನು ಬೈಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಕಿನ ಸೈಲೆನ್ಸರಿನ ಒಳಗಿನದೆಲ್ಲ ತೆಗೆಸಿ ಬರಿ ಕೊಳವೆ ಉಳಿಸಿಕೊಂಡು ಗುಡುಗುತ್ತ ಮನೆಗೆ ಬಂದಿದ್ದ. ಕೆಲಸಕ್ಕೆ ಮೆಕ್ಯಾನಿಕ್ಕಿಗೆ ಕೊಟ್ಟದ್ದು ಎಷ್ಟೆಂದು ಹೆಮ್ಮೆಯಿಂದ ಹೇಳಿದ. ಇಂಥ ಕೊಳವೆಗಳನ್ನು ಕಿತ್ತು, ರಸ್ತೆಯಲ್ಲಿ ಸಾಲಾಗಿ ಮಲಗಿಸಿ, ಪೊಲೀಸರು ರೋಡ್ ರೋಲರ್ ಹಾಯಿಸಿದ ಫೋಟೋಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲೇ ನೀವು ನೋಡಿರುತ್ತೀರಿ. ಟೊಳ್ಳು ಕೊಳವೆಗೆ ದುಡ್ಡು ಕೊಡುವವರು ಅಮೆರಿಕದಲ್ಲಿ ಮಾತ್ರ ಇದ್ದಾರೆಂದು ನಾನು ಹೇಳಲಾರೆ. ಆ ವೃದ್ಧರ ಕೊಳವೆಯಾದರೂ ಗೋಡೆಯ ಮೇಲೆ ಸುಮ್ಮನಿದೆ.

ಕಳೆದ ಸೋಮವಾರ ತರಗತಿಗೆ ಎರಡು ಬಲೂನು ತೆಗೆದುಕೊಂಡು ಹೋದೆ. ಎರಡನ್ನೂ ಒಂದೇ ಗಾತ್ರಕ್ಕೆ ಊದಿಸಿದೆ. ಒಂದಕ್ಕೆ ಸೂಜಿ ಚುಚ್ಚಿದೆ, ಢಬ್ ಎಂದಿತು, ಮುಂದಿನ ಬೆಂಚಿನವರು ಕಿವಿ ಮುಚ್ಚಿಕೊಂಡರು. ಇನ್ನೊಂದರ ಮೇಲೆ ಒಂದು ತುಂಡು ಸೆಲೋಟೇಪು ಅಂಟಿಸಿ, ಟೇಪಿನ ಮೇಲೆಯೇ ಅದೇ ಸೂಜಿ ಚುಚ್ಚಿದೆ. ಒಡೆಯಲಿಲ್ಲ. ಗಾಳಿ ಸಣ್ಣಗೆ ಸೋರಿ, ಬಲೂನು ಮೆಲ್ಲನೆ ಕುಗ್ಗುತ್ತ ಬಂತು. ಮನೆಯಲ್ಲಿ ಮಾಡಿ ನೋಡಿ, ಟೇಪು ಸುಕ್ಕಿಲ್ಲದೆ ಅಂಟಿರಬೇಕು. ಫೋಟೋ ತಂದ ಹುಡುಗ ಕುಗ್ಗಿದ ಬಲೂನನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ.

ಆಗ ನನ್ನ ಎಡಕ್ಕೆ, ಕಿಟಕಿಯ ಪಕ್ಕದ ಬೆಂಚಿನಿಂದ ಯಾವುದೋ ಹುಡುಗಿ ಏನೋ ಕೇಳಿದಳು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಬಲಗಿವಿಯನ್ನು ಅತ್ತ ತಿರುಗಿಸಿ, "ಇನ್ನೊಂದು ಸಲ ಹೇಳಮ್ಮ" ಎಂದೆ.

"ಎರಡರಲ್ಲೂ ಗಾಳಿ ಅಷ್ಟೇ ಇತ್ತಲ್ಲ ಸರ್. ಹಾಗಾದರೆ ಎರಡನೇದರ ಸದ್ದು ಎಲ್ಲಿಗೆ ಹೋಯ್ತು?"

ಗಂಟೆ ಹೊಡೆಯಿತು. ಉತ್ತರವನ್ನು ಅವಳೇ ಬರೆದು ತರುತ್ತೇನೆಂದಿದ್ದಾಳೆ. ನೀವೂ ಬರೆದು ಕಳಿಸಿ, ಮುಂದಿನ ವಾರ ನೋಡೋಣ.